ನಲವತ್ತೊಂದನೇ ನೆಗೆಟಿವ್

ಚಾಮರಾಜಪೇಟೆ, ಬೆಂಗಳೂರು
18 ನವೆಂಬರ್ 2024

ರಂಜಿನಿಗೆ,

ನಿನ್ನ ಹೆಸರಿನ ಹಿಂದೆ ಏನು ಸೇರಿಸಿ ಬರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ. ಕೊನೆಗೆ ಬರೀ ಹೆಸರೇ ಇರಲಿ ಎನ್ನಿಸಿತು. ಮೂರೂವರೆ ವರ್ಷದ ಮೇಲೆ ಮಾವನಿಂದ ಕಾಗದ ಬಂದಿದೆಯೆಂದು ಗಾಬರಿಯಾಗಬೇಡ. ವಿಳಾಸವನ್ನು ನಿಮ್ಮಣ್ಣ ನಂಜಪ್ಪನಿಂದ ಪಡೆದೆ. ಕೊಡಲು ಅವನಿಗೆ ಮನಸ್ಸಿರಲಿಲ್ಲ, ಆದರೂ ಕೊಟ್ಟ. ಫೋನು ಮಾಡೋಣವೆಂದರೆ, ಪ್ರೆಸ್ಸಿನ ಸದ್ದಿನಲ್ಲಿ ಅರ್ಧ ಹೋಗಿದ್ದ ಕಿವಿ ಈಗ ಪೂರ್ತಿ ಹೋದ ಹಾಗೇ. ಮಿಷನ್ ಹಾಕಿಕೊಂಡರೆ ಎದುರಿಗಿರುವವರ ಮಾತು ಕೇಳುತ್ತದೆ, ಫೋನಿನದು ಕೇಳುವುದಿಲ್ಲ.

ವಿಷಯವೇನೆಂದರೆ, ನಿಮ್ಮತ್ತೆಯ ಕಣ್ಣು ಹೋಗುತ್ತಿದೆ. ನೇರವಾಗಿ ನೋಡಿದ್ದು ಅಳಿಸಿಹೋಗುತ್ತದೆಯಂತೆ, ಅಂಚಿನಲ್ಲಿದ್ದದ್ದು ಮಬ್ಬಾಗಿ ಉಳಿಯುತ್ತದೆಯಂತೆ. ವಯಸ್ಸಿಗೆ ಬರುವ ಕಾಯಿಲೆ, ವರ್ಷದೊಳಗೆ ಇನ್ನೂ ಕಡಿಮೆಯಾಗಬಹುದು ಎಂದರು ಡಾಕ್ಟರು. ಅವಳು ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಹಂಗಾದ್ರೆ ಸಮರ್ಥನ ಮುಖಾನೂ ಮರ್ತುಹೋಗುತ್ತೆ ಅನ್ನಿ" ಅಂದಳು.

ಅವತ್ತು ಮಗನ ಪೆಟ್ಟಿಗೆ ತೆಗೆದೆ. ನೀನು ಮಾವಳ್ಳಿಯ ಮನೆ ಖಾಲಿ ಮಾಡಿದಾಗ ನಂಜಪ್ಪ ತಂದಿಟ್ಟುಹೋದದ್ದು. ಅವನ ಮರದ ಕ್ಯಾಮೆರಾ, ಚಿತ್ರ ಹಿಗ್ಗಿಸುವ ಸಣ್ಣ ಎನ್‌ಲಾರ್ಜರ್, ಕವರುಗಳಲ್ಲಿ ನೆಗೆಟಿವ್‌ಗಳು. ಒಂದೊಂದೂ ನಾಲ್ಕಿಂಚು ಅಗಲ, ಐದಿಂಚು ಉದ್ದ. ಪ್ರತಿಯೊಂದಕ್ಕೂ ಅಂಗೈಯಷ್ಟೇ ದೊಡ್ಡ ಪ್ರಿಂಟ್ ಮಾಡಿಟ್ಟಿದ್ದಾನೆ. ನಿಮ್ಮತ್ತೆಗೆ ಅವು ಕಾಣುವುದಿಲ್ಲ. ಪೇಪರಿನ ಪುಟದಷ್ಟು ದೊಡ್ಡದು ಮಾಡಿದರೆ ಕಂಡೀತು. ಮೂವತ್ತೊಂದು ವರ್ಷ ಪ್ರೆಸ್ಸಿನ ಕ್ಯಾಮೆರಾ ವಿಭಾಗದಲ್ಲಿದ್ದವನಿಗೆ ನೆಗೆಟಿವ್ ಹೊಸದಲ್ಲ, ಆದರೆ ಎನ್‌ಲಾರ್ಜರ್ ನಾನು ಮುಟ್ಟಿದವನಲ್ಲ. ಕ್ಯಾಮೆರಾದ ಲೆನ್ಸ್ ಪೆಟ್ಟಿಗೆಯಲ್ಲಿಲ್ಲ. ನಿನ್ನ ಹತ್ತಿರ ಇದ್ದರೆ ಕಳಿಸಿಕೊಡುತ್ತೀಯಾ? ಎನ್‌ಲಾರ್ಜರಿಗೆ ಅದನ್ನೇ ಹಾಕಿ ನೋಡುತ್ತೇನೆ. ಕೆಲಸವಾದ ಮೇಲೆ ವಾಪಸ್ ಕಳಿಸುತ್ತೇನೆ.

ಇಷ್ಟನ್ನು ಕೇಳಲು ಬರೆದೆ.

ವಿಶ್ವಾರಾಧ್ಯ

*

ದಾವಣಗೆರೆ
2 ಡಿಸೆಂಬರ್ 2024

ಮಾವನವರಿಗೆ ನಮಸ್ಕಾರ.

ಲೆನ್ಸ್ ನನ್ನ ಬಳಿ ಇದೆ. ಆದರೆ ಅದೊಂದನ್ನು ಕಳಿಸಿದರೆ ನಿಮ್ಮ ಕೆಲಸ ಆಗುವುದಿಲ್ಲ. ಆ ಎನ್‌ಲಾರ್ಜರ್ ಸಣ್ಣ ಫಿಲ್ಮಿಗಾಗಿ ಮಾಡಿದ್ದು. ಅದರಲ್ಲಿ ನೆಗೆಟಿವ್ ಇಡುವ ಕಿಂಡಿ ಎರಡೂಕಾಲು ಇಂಚು. ಐದಿಂಚಿನ ನೆಗೆಟಿವ್ ಅದರೊಳಗೆ ಕೂರುವುದೇ ಇಲ್ಲ. ಹೇಗೋ ಕೂರಿಸಿದರೂ ದೀಪದ ಬೆಳಕು ನಡುವಿಗೆ ಮಾತ್ರ ಬಿದ್ದು ನಾಲ್ಕು ಮೂಲೆ ಕಪ್ಪಾಗಿ ಉಳಿಯುತ್ತದೆ. ಬೆಳಕು, ನೆಗೆಟಿವ್ ಹಿಡಿಯುವ ಚೌಕಟ್ಟು, ಲೆನ್ಸ್ ಮೂರೂ ಒಟ್ಟಿಗೆ ದೊಡ್ಡದಾಗಬೇಕು. ಅಂಥ ದೊಡ್ಡ ಎನ್‌ಲಾರ್ಜರ್ ಕೊಳ್ಳಬೇಕೆಂದು ಅವರು ಐದಾರು ವರ್ಷ ಹುಡುಕಿದರು. ಸಿಕ್ಕಿದ್ದರಲ್ಲಿ ಒಂದು ಮನೆಯ ಸೂರಿಗಿಂತ ಎತ್ತರವಿತ್ತು. ಇನ್ನೊಂದಕ್ಕೆ ತಲೆಯೇ ಇರಲಿಲ್ಲ, ಬರೀ ಕಂಬ.

ಸ್ಕ್ಯಾನ್ ಮಾಡಿಸಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಒಂದು ದಿನದ ಕೆಲಸ.

ಅತ್ತೆಯ ಕಣ್ಣಿನ ವಿಷಯ ತಿಳಿದು ಬೇಸರವಾಯಿತು. ನಾನು ಬರೆದಿದ್ದೇನೆಂದು ಅವರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು.

ಶಿವರಂಜಿನಿ

*

ಚಾಮರಾಜಪೇಟೆ
20 ಡಿಸೆಂಬರ್ 2024

ರಂಜಿನಿಗೆ,

ನೀನು ಉತ್ತರ ಬರೆಯುತ್ತೀಯೆಂದು ಅಂದುಕೊಂಡಿರಲಿಲ್ಲ.

ಸ್ಕ್ಯಾನಿನ ಕಥೆ ಹೇಳುತ್ತೇನೆ. ನಿನಗೆ ಬರೆಯುವ ಮೊದಲೇ ನಿಮ್ಮ ಮದುವೆ ಆಲ್ಬಮ್ಮಿನಿಂದ ಸಮರ್ಥನ ಮುಖವೊಂದನ್ನು ಮೂರಡಿಗೆ ಮಾಡಿಸಿದ್ದೆ. ನಿಮ್ಮತ್ತೆ ಅದರ ಮೇಲೆ ಕೈಯಾಡಿಸಿದಳು, ಹತ್ತಿರ ಹೋಗಿ ಮುಖ ಓರೆ ಮಾಡಿ ನೋಡಿದಳು. "ಇದೇನ್ರೀ, ಸರ್ಕಲ್ಲಲ್ಲಿ ಕಟ್ತಾರಲ್ಲ ಶ್ರದ್ಧಾಂಜಲಿ ಬ್ಯಾನರ್ರು, ಹಂಗಿದೆ. ಪೌಡರ್ ಬೇರೆ ಬಳಿದಿದಾರೆ ಮಗೂಗೆ. ಎತ್ತಿಡಿ ಅತ್ಲಾಗೆ" ಅಂದಳು. ಎತ್ತಿಟ್ಟೆ. ಆಮೇಲೆ ಅವಳೇ ಕೇಳಿದ್ದು, ಅವನು ಕೈಯಾರೆ ತೆಗೆದ ಚಿತ್ರಗಳನ್ನಾದರೂ ನನಗೆ ಕಾಣುವ ಹಾಗೆ ಮಾಡಿ ಎಂದು. ಅಂಗಡಿಗೆ ಕೊಡಲು ನನಗೂ ಮನಸ್ಸು ಬರಲಿಲ್ಲ.

ದೊಡ್ಡ ಎನ್‌ಲಾರ್ಜರಿಗಾಗಿ ನಾನೂ ತಿರುಗಿದೆ. ಗಾಂಧಿನಗರದಲ್ಲಿ ಹಿಂದೆ ಸಿನಿಮಾ ಸ್ಟಿಲ್ ಫೋಟೋಗಳನ್ನು ಪ್ರಿಂಟ್ ಮಾಡುತ್ತಿದ್ದ ರಾಮಾಂಜಿನಪ್ಪ ಅಂತ ಒಬ್ಬರಿದ್ದಾರೆ. ಅವರ ಗೋಡೌನಿನಲ್ಲಿ ಒಂದಿತ್ತು. ನಾನು ಹೋಗುವ ಹದಿನೈದು ದಿನ ಮೊದಲು ಕೊಟ್ಟುಬಿಟ್ಟಿದ್ದರು. ಯಾರಿಗೆ ಅಂದರೆ, ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯ ಪಕ್ಕದ ಒಂದು ಕಾಫಿ ಅಂಗಡಿಗೆ, ಅಲಂಕಾರಕ್ಕೆ. ನೋಡಿಯಾದರೂ ಬರೋಣವೆಂದು ಮೆಟ್ರೋ ಹತ್ತಿ ಹೋದೆ. ಆಳೆತ್ತರದ್ದು, ಮೂಲೆಯಲ್ಲಿ ನಿಲ್ಲಿಸಿ ಒಳಗೊಂದು ಹಳದಿ ಬಲ್ಬು ಹಚ್ಚಿದ್ದಾರೆ. ಲೆನ್ಸಿನ ಜಾಗದಲ್ಲಿ ಪ್ಲಾಸ್ಟಿಕ್ ಬಳ್ಳಿ ಇಳಿಬಿಟ್ಟಿದ್ದಾರೆ. ಒಂದೇ ತಿಂಗಳ ಮಟ್ಟಿಗೆ ಬಳಸಿಕೊಳ್ಳಲೇ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದ, "ಸಾರಿ ಅಂಕಲ್, ಅದು ನೆಲಕ್ಕೆ ಬೋಲ್ಟ್ ಮಾಡಿದೀವಿ" ಅಂದಳು. ಕಾಫಿ ಕುಡಿದು ಬಂದೆ.

ಬೇರೆ ದಾರಿ ತೋಚಿದರೆ ಬರೆ.

ವಿಶ್ವಾರಾಧ್ಯ

*

ದಾವಣಗೆರೆ
8 ಜನವರಿ 2025

ಮಾವನವರಿಗೆ,

ಬೇರೆ ಎನ್‌ಲಾರ್ಜರ್ ಹುಡುಕಬೇಡಿ. ಅವರ ಕ್ಯಾಮೆರಾವನ್ನೇ ಎನ್‌ಲಾರ್ಜರ್ ಮಾಡಬಹುದು. ಹೊರಗಿನ ಬೆಳಕು ಲೆನ್ಸಿನಿಂದ ಒಳಗೆ ಬಂದು ಫಿಲ್ಮಿನ ಮೇಲೆ ಬೀಳುತ್ತದೆ. ಫಿಲ್ಮಿನ ಜಾಗದಲ್ಲಿ ನೆಗೆಟಿವ್ ಇಟ್ಟು, ಅದರ ಹಿಂದಿನಿಂದ ಬೆಳಕು ಕೊಟ್ಟರೆ ಚಿತ್ರ ಅದೇ ಲೆನ್ಸಿನಿಂದ ಹೊರಗೆ ಹೋಗಿ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತದೆ. ಪ್ರೆಸ್ಸಿನ ಕ್ಯಾಮೆರಾದಲ್ಲಿ ಕೆಲಸ ಮಾಡಿದ ನಿಮಗೆ ಇದು ಕಷ್ಟವಲ್ಲ.

ಕ್ಯಾಮೆರಾ ಹಿಂಭಾಗದ ಮಂಜುಗಾಜು ಬಿಚ್ಚಿ. ಅಷ್ಟೇ ಅಳತೆಯ ಪ್ಲೈವುಡ್ ಚೌಕಟ್ಟು ಮಾಡಿ, ಎರಡು ತೆಳು ಗಾಜಿನ ನಡುವೆ ನೆಗೆಟಿವ್ ಇಡಿ. ಅದರ ಹಿಂದೆ ಒಂದಿಂಚು ಬಿಟ್ಟು ಹಾಲುಬಣ್ಣದ ಅಕ್ರಿಲಿಕ್ ಹಾಳೆ, ಅದರ ಹಿಂದೆ ಸೀಲಿಂಗಿಗೆ ಹಾಕುತ್ತಾರಲ್ಲ ಆ ಚೌಕದ ಎಲ್‌ಇಡಿ ದೀಪ. ಹಳೆಯ ಬಲ್ಬು ಬೇಡ, ಕಾವಿಗೆ ನೆಗೆಟಿವ್ ಬಾಗಿ ಚಿತ್ರ ಮಸುಕಾಗುತ್ತದೆ. ಸಂದುಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ. ಮೇಜಿನ ಮೇಲೆ ಮಲಗಿಸಿದ ಹಾಗೆ ಇಟ್ಟರೆ ಲೆನ್ಸಿನಿಂದ ಗೋಡೆಗೆ ಎರಡೂವರೆ ಅಡಿ ಸಾಕು, ಹದಿನಾರು ಇಂಚು ಇಪ್ಪತ್ತು ಇಂಚಿನ ಪ್ರಿಂಟ್ ಬರುತ್ತದೆ. ನೆಗೆಟಿವ್, ಲೆನ್ಸ್, ಗೋಡೆ ಮೂರೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಅದನ್ನು ನಿಮಗೆ ನಾನು ಹೇಳಬೇಕಿಲ್ಲ.

ಲೆನ್ಸ್ ಇದರ ಜೊತೆ ಕಳಿಸಿದ್ದೇನೆ. ಸ್ಕೂಲಿನ ಡ್ರಾಯಿಂಗ್ ಕ್ಲಾಸಿನ ಮಕ್ಕಳ ಹಳೆಯ ಚಿತ್ರಗಳಲ್ಲಿ ಸುತ್ತಿದ್ದೇನೆ, ಬಿಸಾಡಿ ಪರವಾಗಿಲ್ಲ. ಲೆನ್ಸ್ ವಾಪಸ್ ಬೇಡ.

ಶಿವರಂಜಿನಿ

*

ಚಾಮರಾಜಪೇಟೆ
16 ಫೆಬ್ರವರಿ 2025

ರಂಜಿನಿಗೆ,

ಆಯಿತು. ನೀನು ಹೇಳಿದ ಹಾಗೇ ಆಯಿತು.

ಚೌಕಟ್ಟಿಗೆ ಎಂಟು ದಿನ ಹಿಡಿಯಿತು. ಕೈ ನಡುಗುತ್ತದೆ, ಗರಗಸ ಗೆರೆ ಬಿಟ್ಟು ಹೋಗುತ್ತದೆ. ಮೂರನೆಯದು ಸರಿಯಾಗಿ ಕೂತಿತು. ಸ್ಟೋರ್ ರೂಮಿನ ಗವಾಕ್ಷಿಗೆ ಕಂಬಳಿ ಹೊಡೆದು ಕತ್ತಲೆ ಮಾಡಿಕೊಂಡೆ. ಫೋಟೋ ಪೇಪರು ಮುಂಬಯಿಯಿಂದ ಬಂತು. ಮೊದಲ ನಾಲ್ಕು ಹಾಳೆಯೂ ಬೂದಿ ಬಣ್ಣಕ್ಕೆ ತಿರುಗಿ ಹಾಳಾದವು. ಕೆಂಪು ದೀಪದ ತಪ್ಪೆಂದುಕೊಂಡೆ, ಅದಲ್ಲ. ಕೊನೆಗೆ ಎಲ್ಲ ದೀಪ ಆರಿಸಿ ಕತ್ತಲಲ್ಲಿ ಹತ್ತು ನಿಮಿಷ ಸುಮ್ಮನೆ ಕೂತಾಗ ಗೊತ್ತಾಯಿತು. ಸ್ವಿಚ್ ಆರಿಸಿದ ಮೇಲೂ ಆ ಎಲ್‌ಇಡಿ ಒಳಗೊಳಗೇ ಮಿಣಮಿಣ ಅನ್ನುತ್ತಿತ್ತು. ವೈರಿಂಗಿನಲ್ಲಿ ಎರಡು ತಂತಿ ಅದಲುಬದಲಾಗಿದ್ದವು. ಸರಿಮಾಡಿಸಿದೆ. ಈಗ ಪ್ರತಿಸಲ ಲೆನ್ಸಿಗೆ ಮುಚ್ಚಳವನ್ನೂ ಹಾಕುತ್ತೇನೆ.

ಮೊದಲು ಸರಿ ಬಂದದ್ದು ಮಾವಳ್ಳಿಯ ಬೀಗ ರಿಪೇರಿಯವನ ಚಿತ್ರ. ಅವನ ಹಿಂದೆ ತೂಗುಹಾಕಿದ ನೂರಾರು ಬೀಗದ ಕೈಗಳಲ್ಲಿ ಒಂದೊಂದರ ಹಲ್ಲೂ ಕಾಣುತ್ತದೆ. ಅಂಗೈಯಷ್ಟರಲ್ಲಿ ಅದೆಲ್ಲ ಎಲ್ಲಿತ್ತು! ನನ್ನ ಮಗ ಏನು ಮಾಡುತ್ತಿದ್ದನೆಂದು ನನಗೆ ಗೊತ್ತೇ ಇರಲಿಲ್ಲ, ರಂಜಿನಿ. ಈ ಕಾಲದಲ್ಲಿ ಹೆಗಲ ಮೇಲೆ ಮರದ ಕ್ಯಾಮೆರಾ ಹೊತ್ತು ತಿರುಗುತ್ತಾನೆಂದು ನಗುತ್ತಿದ್ದೆ.

ಒಂಬತ್ತು ಪ್ರಿಂಟ್ ಮಾಡಿ ನಡುಮನೆಯಲ್ಲಿ ತೂಗುಹಾಕಿದೆ. ನಿಮ್ಮತ್ತೆ ಒಂದೊಂದರ ಮುಂದೂ ನಿಂತು, ತಲೆ ಓರೆ ಮಾಡಿ, ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು: "ಚೆನ್ನಾಗಿವೆ. ಆದ್ರೆ ಇವೆಲ್ಲ ಅವನು ನೋಡಿದ್ದು ಕಣ್ರೀ. ಅವನೆಲ್ಲಿ?"

ಅದಕ್ಕೆ ಇದನ್ನು ಕೇಳಲೇಬೇಕಾಗಿದೆ. ಪೆಟ್ಟಿಗೆಯಲ್ಲಿದ್ದ ಅವನ ನೆಗೆಟಿವ್‌ಗಳ ರಿಜಿಸ್ಟರಿನಲ್ಲಿ ನಲವತ್ತೊಂದನೇ ನಂಬರಿನ ಮುಂದೆ ಅವನದೇ ಅಕ್ಷರದಲ್ಲಿ ಹೀಗಿದೆ: "ನಾನು. ತೆಗೆದದ್ದು ರಂಜಿನಿ." ಅದೇ ಕೊನೆಯ ನಂಬರು. ಅದರ ಕವರು ಖಾಲಿ. ನಿನ್ನ ಹತ್ತಿರ ಇದೆಯೇ?

ವಿಶ್ವಾರಾಧ್ಯ

*

ಚಾಮರಾಜಪೇಟೆ
30 ಏಪ್ರಿಲ್ 2025

ರಂಜಿನಿಗೆ,

ಎರಡೂವರೆ ತಿಂಗಳಾಯಿತು. ಕೇಳಬಾರದ್ದನ್ನು ಕೇಳಿದೆನೇನೋ.

ಬರುವ ನಾಲ್ಕನೇ ತಾರೀಖಿಗೆ ಅವನು ಹೋಗಿ ನಾಲ್ಕು ವರ್ಷ. ನಿಮ್ಮತ್ತೆ ಈಗ ಗಡಿಯಾರ ನೋಡುವುದಿಲ್ಲ, ಕೇಳುತ್ತಾಳೆ. ಮಹಡಿಮನೆಯ ಮೈತ್ರೇಯಿ ಸಂಜೆ ಬಂದು ಪೇಪರು ಓದಿ ಹೇಳುತ್ತಾಳೆ. ಕೊಡಲು ಇಷ್ಟವಿಲ್ಲದಿದ್ದರೆ ಇಲ್ಲವೆಂದು ಒಂದು ಸಾಲು ಬರೆದುಬಿಡು, ಮತ್ತೆ ಕೇಳುವುದಿಲ್ಲ.

ವಿಶ್ವಾರಾಧ್ಯ

*

ದಾವಣಗೆರೆ
11 ಮೇ 2025

ಮಾವನವರಿಗೆ,

ಇದೆ. ನನ್ನ ಹತ್ತಿರವೇ ಇದೆ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ವರ್ಷಕ್ಕೊಮ್ಮೆ ತೆಗೆದು ಕಿಟಕಿಗೆ ಹಿಡಿದು ನೋಡಿ ಮತ್ತೆ ಇಡುತ್ತೇನೆ. ಪ್ರಿಂಟ್ ಮಾಡಿಲ್ಲ. ನೆಗೆಟಿವಿನಲ್ಲಿ ಕಪ್ಪೆಲ್ಲ ಬೆಳ್ಳಗೆ ಕಾಣುತ್ತದಲ್ಲ, ಅದರಲ್ಲಿ ಅವರ ಕೂದಲು ಪೂರ್ತಿ ನರೆತಿದೆ. ಎಪ್ಪತ್ತು ವರ್ಷದವರ ಹಾಗೆ. ನನಗೆ ಅಷ್ಟೇ ಸಾಕಾಗಿತ್ತು.

ಯಾಕೆ ಕೊಡಲಿಲ್ಲ ಎಂದು ಬರೆಯುತ್ತೇನೆ. ಅದು ಕೊರೊನಾ ಕಾಲದ ಆ ಏಪ್ರಿಲ್ ಇಪ್ಪತ್ತಾರನೇ ತಾರೀಖು ಸಂಜೆ ತೆಗೆದದ್ದು. ಜ್ವರ ಬಂದು ಆಗಲೇ ಮೂರನೇ ದಿನ. ಇಪ್ಪತ್ತನಾಲ್ಕರಿಂದಲೂ ನಾನು ಆಸ್ಪತ್ರೆಗೆ ಹೋಗೋಣ ಎನ್ನುತ್ತಿದ್ದೆ. ಬೆಳಿಗ್ಗೆ ಕೇಳಿದರೆ ಸಂಜೆ ಎನ್ನುತ್ತಿದ್ದರು, ಸಂಜೆ ಕೇಳಿದರೆ "ನಾಳೆ ನೋಡೋಣ ಬಿಡು". ಮೊದಲ ದಿನ ಹೊರಡಲು ಒಪ್ಪಿದ್ದವರು ಯಾಕೆ ಹಾಗೆ ಹಟ ಹಿಡಿದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇಪ್ಪತ್ತಾರರ ಸಂಜೆ ಜ್ವರ ಸ್ವಲ್ಪ ಇಳಿದ ಹಾಗಿತ್ತು. ಕಿಟಕಿ ಪಕ್ಕದ ಕುರ್ಚಿಗೆ ಬಂದು ಕೂತು, "ಬೆಳಕು ಚೆನ್ನಾಗಿದೆ ನೋಡು. ನನ್ನದೊಂದು ತೆಗಿ" ಅಂದರು. ಬೇಡವೆಂದೆ. "ತೆಗಿಯೇ, ನನ್ನದು ಒಂದೂ ಇಲ್ಲ" ಅಂದರು. ಕ್ಯಾಮೆರಾ ನಿಲ್ಲಿಸಿ, ಫೋಕಸ್ ಮಾಡಿ, ಎರಡು ಸೆಕೆಂಡ್ ಉಸಿರು ಹಿಡಿಯಿರಿ ಎಂದೆ. ಹಿಡಿದರು. ಆಮೇಲೆ ಕೆಮ್ಮಿದರು, ನಿಲ್ಲಲೇ ಇಲ್ಲ. ಆ ನಡುವೆಯೇ ರಿಜಿಸ್ಟರ್ ತರಿಸಿಕೊಂಡು ಬರೆದರು. ಇಪ್ಪತ್ತೆಂಟಕ್ಕೆ ಆಸ್ಪತ್ರೆಗೆ ಸೇರಿಸಿದೆ. ಆಮೇಲಿನದು ನಿಮಗೆ ಗೊತ್ತು. ಮುಖ ನೋಡಲೂ ಬಿಡಲಿಲ್ಲ.

ಅವರು ತೀರಿಹೋದ ಮೇಲೆ ಶಿವಗಣಾರಾಧನೆಯ ದಿನ ಎಲ್ಲರೆದುರು ನೀವು ಹೇಳಿದಿರಿ: "ಎರಡು ದಿನ ಮುಂಚೆ ಕರ್ಕೊಂಡು ಹೋಗಿದ್ರೆ ನನ್ನ ಮಗ ಇರ್ತಿದ್ದ. ಇವಳು ಮನೇಲಿ ಕೂರಿಸ್ಕೊಂಡು ಕೊಂದ್ಲು." ಅತ್ತೆ ನನ್ನ ಕಡೆ ನೋಡಿದರು. ಅವತ್ತು ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು.

ಹದಿನೈದು ದಿನದ ಮೇಲೆ ಬಚ್ಚಲಮನೆಯಲ್ಲಿ ಒಬ್ಬಳೇ ಆ ಫಿಲ್ಮ್ ತೊಳೆದೆ. ಅದರಲ್ಲಿ ಎಲ್ಲವೂ ಇದೆ. ಹಣೆಯ ಬೆವರು, ಒಣಗಿದ ತುಟಿ. ಯಾರೇ ನೋಡಿದರೂ ಕೇಳುತ್ತಾರೆ, ಇಂಥ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಫೋಟೋ ತೆಗೆಯುತ್ತಾ ನಿಂತಿದ್ದೆಯಾ ಎಂದು. ನಾನೇ ನನ್ನನ್ನು ಕೇಳಿಕೊಳ್ಳುತ್ತೇನೆ. ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕಿತ್ತು.

ಅದಕ್ಕೇ ಕೊಡಲಿಲ್ಲ.

ಶಿವರಂಜಿನಿ

*

ಚಾಮರಾಜಪೇಟೆ
25 ಮೇ 2025

ರಂಜಿನಿಗೆ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಇದನ್ನು ಬರೆಯದೆ ಸಾಯಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಆಗುವುದಿಲ್ಲ.

ಅವನು ಯಾಕೆ ಹಟ ಹಿಡಿದನೆಂದು ನನಗೆ ಗೊತ್ತು. ಇಪ್ಪತ್ತನಾಲ್ಕನೇ ತಾರೀಖು ಬೆಳಿಗ್ಗೆ ಅವನು ನನಗೆ ಫೋನು ಮಾಡಿದ್ದ. ಆಗ ನನಗೆ ಫೋನಿನಲ್ಲಿ ಇನ್ನೂ ಕೇಳಿಸುತ್ತಿತ್ತು. "ಅಪ್ಪಾ, ಜ್ವರ ಬಂದಿದೆ, ಉಸಿರೂ ಸ್ವಲ್ಪ ಕಟ್ತಿದೆ. ರಂಜಿನಿ ಆಸ್ಪತ್ರೆಗೆ ಹೋಗೋಣ ಅಂತಿದಾಳೆ. ಏನ್ ಮಾಡ್ಲಿ?" ಅಂದ. ನಾನು ಹೇಳಿದೆ: "ಅವಳ ಮಾತು ಕೇಳ್ಬೇಡ. ಅವಳಿಗೆ ಎಲ್ಲದಕ್ಕೂ ಗಾಬರಿ. ಈಗ ಆಸ್ಪತ್ರೆಗೆ ಹೋದೋರು ಯಾರೂ ವಾಪಸ್ ಬರ್ತಿಲ್ಲ. ಕಷಾಯ ಕುಡ್ದು ಮನೇಲೇ ಮಲ್ಕೋ. ನಾನು ಹೇಳ್ದೆ ಅಂತ ಅವಳಿಗೂ ಹೇಳ್ಬೇಡ, ನಿಮ್ಮಮ್ಮಂಗೂ ಹೇಳ್ಬೇಡ." ಅವನು "ಆಯ್ತಪ್ಪ" ಅಂದ. ಮೂವತ್ತಾರು ವರ್ಷದ ಮಗ, ಅಪ್ಪನ ಮಾತು ಕೇಳಿದ. ಯಾರಿಗೂ ಹೇಳಬೇಡವೆಂದದ್ದನ್ನೂ ಕೇಳಿದ.

ಆ ವಾರ ನನ್ನ ಜೊತೆ ಪ್ರೆಸ್ಸಿನಲ್ಲಿದ್ದ ಇಬ್ಬರು ಆಸ್ಪತ್ರೆಗೆ ಹೋಗಿ ವಾಪಸ್ ಬಂದಿರಲಿಲ್ಲ. ಹೆದರಿದ್ದೆ. ಇದು ನೆವವಲ್ಲ, ನಡೆದದ್ದು ಹೇಳಿದೆ.

ಶಿವಗಣಾರಾಧನೆಯ ದಿನ ನಿಮ್ಮತ್ತೆ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು, ಯಾಕೆ ತಡವಾಯ್ತು, ಯಾಕೆ ತಡವಾಯ್ತು ಎಂದು. ಕೇಳುತ್ತಾ ಕೇಳುತ್ತಾ ನನ್ನ ಮುಂದೆ ಬಂದಳು. ನೀನು ಗೋಡೆಗೆ ಒರಗಿ ಕೂತಿದ್ದೆ. ನಾನು ನಿನ್ನ ಕಡೆ ಕೈ ತೋರಿಸಿದೆ. ಆ ಕೈಯನ್ನು ನಾಲ್ಕು ವರ್ಷದಿಂದ ಇಳಿಸಲಾಗಿಲ್ಲ.

ನೀನು ಹೋಗೋಣವೆಂದಿದ್ದೆ. ಮೊದಲ ದಿನವೇ ಅಂದಿದ್ದೆ. ನಿನ್ನಿಂದ ಒಂದು ತಪ್ಪೂ ಆಗಿಲ್ಲ.

ನೆಗೆಟಿವ್ ಇನ್ನು ಕೇಳುವುದಿಲ್ಲ.

ವಿಶ್ವಾರಾಧ್ಯ

*

ದಾವಣಗೆರೆ
12 ಜೂನ್ 2025

ಅತ್ತೆಗೆ ಇದು ಗೊತ್ತೇ? ಹೇಳಿದ ದಿನ ನನಗೆ ಬರೆಯಿರಿ. ಅವತ್ತೇ ನೆಗೆಟಿವ್ ಕಳಿಸುತ್ತೇನೆ.

ಶಿವರಂಜಿನಿ

*

ಚಾಮರಾಜಪೇಟೆ
29 ಜೂನ್ 2025

ರಂಜಿನಿಗೆ,

ಇವತ್ತು ಬೆಳಿಗ್ಗೆ ಹೇಳಿದೆ.

ಮೊರದಲ್ಲಿ ಅಕ್ಕಿ ಹಾಕಿಕೊಂಡು ಬೆರಳಿನಿಂದಲೇ ಕಲ್ಲು ಆರಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಬೆರಳು ನಿಲ್ಲಲಿಲ್ಲ. "ಇನ್ನೊಂದ್ಸಲ ಹೇಳಿ" ಅಂದಳು. ಹೇಳಿದೆ.

"ರಂಜಿನಿ ಹೋಗೋಣ ಅಂದಿದ್ಲಾ?"

"ಅಂದಿದ್ಲು."

"ನೀವು ಬೇಡ ಅಂದ್ರಾ?"

"ಅಂದೆ."

"ಆಮೇಲೆ ಅವಳ್ದೇ ತಪ್ಪು ಅಂದ್ರಿ."

"ಹೂಂ."

ಅವಳು ಮೊರ ಪಕ್ಕಕ್ಕಿಟ್ಟು, ಗೋಡೆ ಸವರಿಕೊಂಡು ಎದ್ದು ಒಳಗೆ ಹೋದಳು. ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಏನೂ ಇಲ್ಲ. ಮಧ್ಯಾಹ್ನ ತಟ್ಟೆ ಹಾಕಿ ಅನ್ನ ಬಡಿಸಿದಳು. ಮಾತಿಲ್ಲ. ಈಗ ಸಂಜೆ. ಮಹಡಿಯಲ್ಲಿ ಮೈತ್ರೇಯಿಯ ಮನೆಯಲ್ಲಿ ಕೂತಿದ್ದಾಳೆ.

ವಿಶ್ವಾರಾಧ್ಯ

*

ದಾವಣಗೆರೆ
5 ಜುಲೈ 2025

ಮಾವನವರಿಗೆ,

ನೆಗೆಟಿವ್ ಇದರೊಳಗಿದೆ. ಅಂಚು ಮಾತ್ರ ಹಿಡಿಯಿರಿ. ಮಂಕಾಗಿರುವ ಬದಿ ಲೆನ್ಸಿನ ಕಡೆಗಿರಲಿ. ತಿರುಗಿಸಿ ಇಟ್ಟರೆ ಎಡ ಬಲವಾಗಿ ಅವರ ಕೆನ್ನೆಯ ಮಚ್ಚೆ ತಪ್ಪು ಬದಿಗೆ ಬರುತ್ತದೆ. ಕಿಟಕಿಯ ಭಾಗ ಬಹಳ ಕಪ್ಪಿದೆ, ಅದಕ್ಕೆ ಮುಖಕ್ಕಿಂತ ಎರಡರಷ್ಟು ಹೊತ್ತು ಬೆಳಕು ಬೇಕು. ಆ ಹೊತ್ತಿನಲ್ಲಿ ಮುಖದ ಮೇಲೆ ರಟ್ಟು ಹಿಡಿದು ಅಲ್ಲಾಡಿಸುತ್ತಿರಿ, ಇಲ್ಲದಿದ್ದರೆ ಗೆರೆ ಬೀಳುತ್ತದೆ. ಅವರ ಮುಖ ಕಪ್ಪಾಗಲು ಬಿಡಬೇಡಿ.

ನಿಮ್ಮ ಮೇ ತಿಂಗಳ ಕಾಗದಕ್ಕೆ ಉತ್ತರವಾಗಿ, ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ಸುಳ್ಳು ಬರೆಯಬಾರದೆಂದು ಬಿಟ್ಟೆ. ಆದರೆ ಆ ಕಾಗದ ಓದಿದ ಮೇಲೆ ಮೊದಲ ಸಲ ಅವರ ಮೇಲೆ ನನಗೆ ಸಿಟ್ಟು ಬಂತು. ನನಗೊಂದು ಮಾತು ಹೇಳಬಹುದಿತ್ತಲ್ಲ ಎಂದು. ನಾಲ್ಕು ವರ್ಷ ಬರೀ ನನ್ನ ಮೇಲೇ ಇತ್ತು ಅದು.

ಶಿವರಂಜಿನಿ

*

ಚಾಮರಾಜಪೇಟೆ
24 ಜುಲೈ 2025

ರಂಜಿನಿಗೆ,

ಮೊನ್ನೆ ಮಂಗಳವಾರ ಮಧ್ಯಾಹ್ನ ಪ್ರಿಂಟ್ ಆಯಿತು. ಅದಕ್ಕೆ ಮೊದಲು ಹತ್ತು ದಿನ ನೆಗೆಟಿವನ್ನು ಕವರಿನಿಂದ ತೆಗೆಯುವ ಧೈರ್ಯವಿರಲಿಲ್ಲ.

ಪೇಪರಿನ ಪಟ್ಟಿಗಳಲ್ಲಿ ಐದು ಸಲ ಅಳತೆ ನೋಡಿಕೊಂಡೆ. ಮುಖಕ್ಕೆ ಹದಿನೆಂಟು ಸೆಕೆಂಡ್, ಕಿಟಕಿಗೆ ನಲವತ್ತು. ರಟ್ಟು ಹಿಡಿದ ಕೈ ಹೇಗೂ ನಡುಗುತ್ತದೆ, ಅಲ್ಲಾಡಿಸಲು ಬೇರೆ ಕಷ್ಟಪಡಬೇಕಾಗಲಿಲ್ಲ. ಪೇಪರನ್ನು ಡೆವಲಪರಿನಲ್ಲಿ ಇಳಿಬಿಟ್ಟೆ. ಮೊದಲು ಬಂದದ್ದು ಕೂದಲು. ನಿನಗೆ ಹೇಳಬೇಕು, ಕಪ್ಪಗಿದೆ. ಹಣೆಯ ಮೇಲೆ ಬಿದ್ದಿದೆ, ಕೊರೊನಾ ಭಯಕ್ಕೆ ಕತ್ತರಿಸಿರಲಿಲ್ಲವಲ್ಲ. ಆಮೇಲೆ ಕಣ್ಣು. ಆಮೇಲೆ ಅಂಗಿಯ ಗುಂಡಿ, ತಪ್ಪು ಕಾಜಿಗೆ ಹಾಕಿಕೊಂಡಿದ್ದಾನೆ. ಹಣೆಯ ಬೆವರು ಹನಿಹನಿಯಾಗಿ ಕಾಣುತ್ತದೆ. ಅವನು ಕ್ಯಾಮೆರಾ ನೋಡುತ್ತಿಲ್ಲ, ಅದರ ಪಕ್ಕದಲ್ಲಿ ನಿಂತ ನಿನ್ನನ್ನು ನೋಡುತ್ತಿದ್ದಾನೆ. ಏನೋ ಹೇಳಬೇಕೆಂದಿದ್ದು ತಡೆದುಕೊಂಡವನ ಹಾಗಿದೆ. ಅದು ಏನೆಂದು ನನಗೆ ಗೊತ್ತಿತ್ತು. ಕೆಂಪು ದೀಪದ ಕೆಳಗೆ ನೆಲದ ಮೇಲೆ ಕೂತುಬಿಟ್ಟೆ. ಪೇಪರನ್ನು ಚಿತ್ರ ನಿಲ್ಲಿಸುವ ಹೈಪೋಗೆ ಹಾಕಲು ತಡವಾಗಿ ಆ ಪ್ರಿಂಟ್ ಕಪ್ಪಾಯಿತು. ಎರಡನೆಯದನ್ನು ಸರಿಯಾಗಿ ಮಾಡಿದೆ.

ಒಣಗಿದ ಮೇಲೆ ನಿನ್ನೆ ನಡುಮನೆಯ ಗೋಡೆಗೆ, ನಿಮ್ಮತ್ತೆಯ ಮುಖದ ಎತ್ತರಕ್ಕೆ ಹಾಕಿದೆ.  ಅವಳು ನಡೆದು ಬರುತ್ತಾ ನಿಂತಳು. ಗೇಣು ದೂರಕ್ಕೆ ಹೋದಳು. ನೇರ ನೋಡಿದರೆ ಕಾಣುವುದಿಲ್ಲವಲ್ಲ, ತಲೆ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಸ್ವಲ್ಪ ಮೇಲೆ ನೋಡಿದಳು. "ಬಂದ" ಅಂದಳು. ಇಪ್ಪತ್ತನಾಲ್ಕು ದಿನದ ಮೇಲೆ ನನ್ನ ಕಿವಿಗೆ ಬಿದ್ದ ಅವಳ ಮೊದಲ ಮಾತು. ನನಗೆ ಹೇಳಿದ್ದಲ್ಲ. "ನೋಡಿದ್ರೆ ಹೋಗ್ತಾನೆ, ಆಚೆ ನೋಡಿದ್ರೆ ಬರ್ತಾನೆ" ಅಂದಳು. ಸಂಜೆಯವರೆಗೂ ಅಲ್ಲೇ ನಿಂತಿದ್ದಳು. ಕುರ್ಚಿ ತಂದು ಹಿಂದಿಟ್ಟೆ. ಕೂರಲಿಲ್ಲ.

ಇನ್ನೊಂದು ಪ್ರಿಂಟ್ ನಿನಗೆಂದು ಮಾಡಿದ್ದೇನೆ. ನೆಗೆಟಿವಿನ ಜೊತೆ ಕಳಿಸುತ್ತಿದ್ದೇನೆ. ನೋಡಬೇಕೆನ್ನಿಸಿದಾಗ ತೆಗೆ.

ನಿನ್ನ ಹತ್ತಿರ ಕೇಳುವುದು ನನಗೆ ಇನ್ನೇನೂ ಉಳಿದಿಲ್ಲ.

ವಿಶ್ವಾರಾಧ್ಯ

*

ಚಾಮರಾಜಪೇಟೆ
10 ಆಗಸ್ಟ್ 2025

ರಂಜಿನಿ, ಮಗಳೇ,

ಮೈತ್ರೇಯಿ ಕೈಲಿ ಬರೆಸ್ತಿದೀನಿ. ನಾನು ಹೇಳ್ದಂಗೇ ಬರಿ, ತಿದ್ದಬೇಡ ಅಂದಿದೀನಿ. ನಿಮ್ಮ ಮಾವ ಪಾರ್ಕಿಗೆ ಹೋಗಿದಾರೆ. ಇದು ಅವರಿಗೆ ಗೊತ್ತಿಲ್ಲ.

ನಾಲ್ಕು ವರ್ಷ ಒಂದೊಂದು ತುತ್ತಿಗೂ ನಿನ್ನ ಬೈಕೊಂಡು ಊಟ ಮಾಡಿದೀನಿ ಕಣೇ. ಬೆಳಿಗ್ಗೆ ಲಿಂಗಪೂಜೆಗೆ ಕೂತ್ರೆ ಕೈಯಲ್ಲಿ ಲಿಂಗ, ಬಾಯಲ್ಲಿ ನಿನಗೆ ಶಾಪ. ನೀನು ದಾವಣಗೆರೇಲಿ ಒಬ್ಬಳೇ ಇದೀಯಾ ಅಂತ ನಂಜಪ್ಪ ಹೇಳ್ದಾಗ, ಇರ್ಲಿ, ಅನುಭವಿಸ್ಲಿ ಅಂದಿದ್ದೆ. ಅದನ್ನ ಈಗ ಎಲ್ಲಿ ವಾಪಸ್ ತಗೊಳ್ಳಲಿ? ಅವರು ಕೈ ತೋರಿಸಿದ್ರು, ನಾನು ನೋಡ್ದೆ. ಏನಾಯ್ತಮ್ಮ ಅಂತ ನಿನ್ನ ಒಂದು ಮಾತು ಕೇಳ್ಲಿಲ್ಲ. ಅದು ಅವರ ತಪ್ಪಲ್ಲ, ನಂದು.

ಫೋಟೋ ನೋಡ್ದೆ. ಮಗು ಸೊರಗಿದೆ. ಆದ್ರೂ ನನ್ನ ಮಗನೇ. ನೀನು ತೆಗೆದಿದ್ದಕ್ಕೆ ಅವನು ಹಂಗೆ ಕೂತಿದಾನೆ, ಬೇರೆಯವರು ತೆಗೆದಿದ್ರೆ ಕೂರ್ತಿರ್ಲಿಲ್ಲ. ಯಾಕೆ ತೆಗೆದೆ ಅಂತ ನಾನು ಕೇಳಲ್ಲ. ನೀನು ತೆಗೀದಿದ್ರೆ ನನಗೆ ಏನಿತ್ತು?

ನಿಮ್ಮ ಮಾವನ ಜೊತೆ ನನಗೆ ಮಾತು ಬರ್ತಿಲ್ಲ. ಬೇಕು ಅಂತ ಬಿಟ್ಟಿದ್ದಲ್ಲ, ಬರ್ತಾನೇ ಇಲ್ಲ. ಅಡಿಗೆ ಮಾಡ್ತೀನಿ, ಬಡಿಸ್ತೀನಿ. ಅವರು ಊಟ ಮಾಡಿ ತಟ್ಟೆ ತೊಳೆದಿಡ್ತಾರೆ. ಅವರೂ ಮಗನ್ನ ಕಳ್ಕೊಂಡಿದಾರೆ, ನನಗೆ ಗೊತ್ತಿದೆ. ಗೊತ್ತಿದ್ರೂ ಬರ್ತಿಲ್ಲ.

ಅದಕ್ಕೆ ನಾನು ನಿನ್ನ ಹತ್ರ ಬರ್ತಿದೀನಿ. ಇದೇ ಇಪ್ಪತ್ತನೇ ತಾರೀಖು ಬುಧವಾರ, ಬೆಳಿಗ್ಗೆ ರೈಲಿಗೆ ಮೈತ್ರೇಯಿ ಹತ್ತಿಸ್ತಾಳೆ. ಬೇಡ ಅಂದ್ರೆ ಈಗ್ಲೇ ಹೇಳ್ಬಿಡು, ಬೇಜಾರು ಮಾಡ್ಕೊಳ್ಳಲ್ಲ. ಎಷ್ಟು ದಿನ ಇರ್ತೀನಿ ಅಂತ ಗೊತ್ತಿಲ್ಲ. ನಿನಗೆ ಭಾರ ಆಗಲ್ಲ, ರೊಟ್ಟಿ ತಟ್ಟೋಕೆ ಕಣ್ಣು ಬೇಕಾಗಿಲ್ಲ. ಅವನು ಆ ಮೂರು ದಿನ ಏನು ತಿಂದ, ಏನು ಮಾತಾಡ್ದ, ಎಲ್ಲಾ ನಿನ್ನ ಬಾಯಿಂದ ಕೇಳ್ಬೇಕು. ನೀನು ಹೇಳ್ಬೇಕು. ಇಷ್ಟು ದಿನ ಯಾರ ಹತ್ರ ಹೇಳಿದೀಯಾ?

ಸ್ಟೇಷನ್ನಿಗೆ ಬಾ. ಬಂದು ದೂರದಿಂದ ಕೈ ಬೀಸಿದ್ರೆ ನನಗೆ ಕಾಣ್ಸಲ್ಲ. ನಾನು ಇಳಿದ ಜಾಗದಲ್ಲೇ ನಿಂತಿರ್ತೀನಿ. ನೀನೇ ಬಂದು ಕೈ ಹಿಡ್ಕೋ.

ನಿಮ್ಮತ್ತೆ
ಶಿವಕುಮಾರಿ